ಆಗ್ಸ್‌ಬರ್ಗ್: ರೋಮ್ ಮತ್ತು ಲಿಸ್ಬನ್ನಿನ ಲೆಕ್ಕ ಒಂದೇ ಕಪಾಟಿನಲ್ಲಿ

ಮ್ಯೂನಿಕ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದಾದ ಆಗ್ಸ್‌ಬರ್ಗ್, ಜರ್ಮನಿಗೆ ಹೋಗುವ ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮತಸುಧಾರಣೆಯ ನೆಲೆಗಳನ್ನು ನೋಡಬಯಸುವವರು ವಿಟೆನ್‌ಬರ್ಗ್‌ಗೆ ಹೋಗುತ್ತಾರೆ, ಸಮುದ್ರಯಾನಗಳ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಲಿಸ್ಬನ್ ಅಥವಾ ಸೆವಿಲ್ ನಗರಕ್ಕೆ ಹೋಗುತ್ತಾರೆ. ಶಾಲೆಯ ಚರಿತ್ರೆ ಪುಸ್ತಕದಲ್ಲಿಯೂ ಭೌಗೋಳಿಕ ಅನ್ವೇಷಣೆ ಒಂದು ತಲೆಬರಹ, ಮತಸುಧಾರಣೆ ಇನ್ನೊಂದು ತಲೆಬರಹ. ಈ ಎರಡಕ್ಕೂ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳತೊಡಗಿದವರು ಮಾತ್ರ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿರುವ ಈ ಒಳನಾಡಿನ ಊರಿಗೆ ಬಂದು ನಿಲ್ಲುತ್ತಾರೆ. ನಾನು ಬಂದದ್ದೂ ಅದೇ ಪ್ರಶ್ನೆಯ ಬೆನ್ನು ಹತ್ತಿ.

ಊರಿನ ಮುಖ್ಯ ಬೀದಿಯ ಹೆಸರು ಮಾಕ್ಸಿಮಿಲಿಯನ್‌ಸ್ಟ್ರಾಸೆ. ಅಗಲವಾದ, ತುಸು ಬಾಗಿದ ಆ ಬೀದಿಯ ಒಂದು ಮಗ್ಗುಲಲ್ಲಿ, ವ್ಯಾಪಾರ ಮತ್ತು ಲೇವಾದೇವಿಯ ಫುಗ್ಗರ್ ಮನೆತನದ ಉದ್ದನೆಯ ಅರಮನೆಯಿದೆ. 1512ರಿಂದ 1515ರ ನಡುವೆ ಇದನ್ನು ಕಟ್ಟಿಸಿದವನು ಯಾಕೋಬ್ ಫುಗ್ಗರ್. ಅವನು 1459ರಲ್ಲಿ ಇದೇ ಊರಿನಲ್ಲಿ ಹುಟ್ಟಿದವನು, 1525ರಲ್ಲಿ ಇಲ್ಲಿಯೇ ತೀರಿಕೊಂಡವನು. ಅವನ ಕಾಲದವರೇ ಅವನಿಗೆ ಸಿರಿವಂತ ಎಂಬ ಬಿರುದನ್ನು ಅಂಟಿಸಿದ್ದರು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಕಟ್ಟಡ ಬಹುಪಾಲು ಹಾಳಾಗಿ ಮತ್ತೆ ಎದ್ದು ನಿಂತಿರುವುದರಿಂದ, ಬೀದಿಯ ಕಡೆಯಿಂದ ನೋಡಿದರೆ ಹಳತನದ ಅನುಭವ ಅಷ್ಟಾಗಿ ಆಗುವುದಿಲ್ಲ. ಒಳಗಿನ ಕಮಾನುಗಳ ಅಂಗಳಕ್ಕೆ ಕಾಲಿಟ್ಟಾಗ ಇಟಲಿಯ ಪುನರುಜ್ಜೀವನದ ಶೈಲಿ ಆಲ್ಪ್ಸ್ ಪರ್ವತಗಳನ್ನು ದಾಟಿ ಮೊದಮೊದಲಿಗೆ ಬಂದಿಳಿದ ಮನೆಗಳಲ್ಲಿ ಇದೂ ಒಂದು ಎಂಬುದು ತಿಳಿಯುತ್ತದೆ.

1518ರ ಅಕ್ಟೋಬರ್ ತಿಂಗಳಲ್ಲಿ ಮಾರ್ಟಿನ್ ಲೂಥರ್ ವಿಚಾರಣೆಗಾಗಿ ಬಂದು ನಿಂತದ್ದು ಈ ಮನೆಯಲ್ಲಿ. ಪೋಪನ ಪ್ರತಿನಿಧಿ ಕಾರ್ಡಿನಲ್ ಕಾಯೆಟಾನ್ ಆಗ ಫುಗ್ಗರನ ಅತಿಥಿಯಾಗಿದ್ದ. ಪಾಪದ ಶಿಕ್ಷೆ ಮನ್ನಾ ಆಗುತ್ತದೆಂದು ಚರ್ಚು ಮಾರುತ್ತಿದ್ದ ಪಾಪವಿಮೋಚನಾ ಪತ್ರಗಳನ್ನು ಪ್ರಶ್ನಿಸಿ ಲೂಥರ್ ಹಿಂದಿನ ವರ್ಷ ಬರೆದ 95 ವಾದಸೂತ್ರಗಳ ವಿಷಯದಲ್ಲಿ ತಪ್ಪೊಪ್ಪಿಕೊಂಡು ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಕಾರ್ಡಿನಲ್ ಒತ್ತಾಯಿಸಿದ, ಲೂಥರ್ ಒಪ್ಪಲಿಲ್ಲ. ಕೆಲವು ದಿನಗಳ ಮಾತುಕತೆ ಮುರಿದುಬಿದ್ದ ಮೇಲೆ, ಬಂಧನದ ಭಯದಿಂದ ಗೆಳೆಯರು ಅವನನ್ನು ರಾತ್ರೋರಾತ್ರಿ ಊರಿನಿಂದ ಹೊರಗೆ ಸಾಗಿಸಿದರು.

ಈ ವಿಚಾರಣೆ ಬೇರಾವ ಮನೆಯಲ್ಲಿ ನಡೆದಿದ್ದರೂ ನಡೆಯಬಹುದಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಮಾಗ್ಡೆಬರ್ಗ್‌ನ ಆರ್ಚ್‌ಬಿಷಪ್ ಆಗಿದ್ದ ಯುವಕ ಆಲ್ಬ್ರೆಕ್ಟ್‌ನಿಗೆ 1514ರಲ್ಲಿ ಮೈಂಟ್ಸ್‌ನ ಪೀಠವೂ ಬೇಕಾಯಿತು. ಚರ್ಚಿನ ನಿಯಮದ ಪ್ರಕಾರ ಒಬ್ಬನಿಗೆ ಇಷ್ಟೊಂದು ಪೀಠಗಳು ಸಲ್ಲುತ್ತಿರಲಿಲ್ಲವಾದ್ದರಿಂದ ರೋಮಿಗೆ ದೊಡ್ಡ ಮೊತ್ತ ತೆರಬೇಕಾಯಿತು, ಆ ಮೊತ್ತವನ್ನು ಸಾಲವಾಗಿ ಕೊಟ್ಟವನು ಯಾಕೋಬ್ ಫುಗ್ಗರ್. ಸಾಲ ತೀರಿಸುವ ದಾರಿಯನ್ನು ಪೋಪ್ ಹತ್ತನೆಯ ಲಿಯೋ ತೋರಿಸಿಕೊಟ್ಟ. ಆಲ್ಬ್ರೆಕ್ಟ್‌ನ ಸೀಮೆಗಳಲ್ಲಿ ಪಾಪವಿಮೋಚನಾ ಪತ್ರಗಳನ್ನು ಮಾರುವುದು, ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೀಟರ್ ದೇವಾಲಯದ ಕಟ್ಟೋಣಕ್ಕೆ, ಇನ್ನರ್ಧ ಫುಗ್ಗರನ ಸಾಲಕ್ಕೆ. ಯೋಹಾನ್ ಟೆಟ್ಸೆಲ್ ಎಂಬ ಪಾದ್ರಿ ಊರೂರು ತಿರುಗಿ ಪತ್ರ ಮಾರುವಾಗ ಫುಗ್ಗರನ ಗುಮಾಸ್ತ ಪೆಟ್ಟಿಗೆಯ ಲೆಕ್ಕ ನೋಡಿಕೊಳ್ಳಲು ಜೊತೆಯಲ್ಲಿಯೇ ಇರುತ್ತಿದ್ದ. ಲೂಥರನನ್ನು ಕೆರಳಿಸಿದ್ದು ಇದೇ ಮಾರಾಟ. ಫುಗ್ಗರನಂಥ ಕಂಪನಿಗಳ ಬಾಯಿಗೆ ಕಡಿವಾಣ ಹಾಕಬೇಕೆಂದು 1520ರಲ್ಲಿ ಅವನು ಹೆಸರು ಹಿಡಿದೇ ಬರೆದ.

ವಿಚಾರಣೆಯ ದಿನಗಳಲ್ಲಿ ಲೂಥರ್ ಇಳಿದುಕೊಂಡಿದ್ದ ಸಂತ ಅನ್ನಾ ಮಠ ಅರಮನೆಯಿಂದ ಕೆಲವೇ ನಿಮಿಷಗಳ ನಡಿಗೆ. ಆಗ ಅದು ಕಾರ್ಮೆಲೈಟ್ ಸಂನ್ಯಾಸಿಗಳ ಮಠ, ಈಗ ಲೂಥರನ್ ಚರ್ಚು. ಮೆಟ್ಟಿಲು ಹತ್ತಿ ಹೋದರೆ ಅವನ ಕಾಲದ ಸಂಗತಿಗಳನ್ನು ವಿವರಿಸುವ ಕೊಠಡಿಗಳಿವೆ. ನಾನು ಹೆಚ್ಚು ಹೊತ್ತು ಕಳೆದದ್ದು ಕೆಳಗೆ, ಚರ್ಚಿನ ಪಶ್ಚಿಮ ತುದಿಯ ಫುಗ್ಗರ್ ಕುಟುಂಬದ ಪ್ರಾರ್ಥನಾ ಮಂದಿರದಲ್ಲಿ. ಅಮೃತಶಿಲೆಯ ನೆಲ, ಜರ್ಮನ್ ಕಲಾವಿದ ಡ್ಯೂರರನ ವಿನ್ಯಾಸವನ್ನು ಅನುಸರಿಸಿ ಕಡೆದ ಸಮಾಧಿಫಲಕಗಳು, ಮುಂಭಾಗದಲ್ಲಿ ಏಸುವಿನ ಶವವನ್ನು ಎತ್ತಿ ಹಿಡಿದ ಶಿಲ್ಪ. ಯಾಕೋಬ್ ಫುಗ್ಗರ್ ಸಾಯುವವರೆಗೂ ಪೋಪನ ಪಕ್ಷದಲ್ಲಿಯೇ ಇದ್ದವನು. ಅವನನ್ನು ಹೂಳಿರುವುದು ಇಲ್ಲಿಯೇ. ಅವನ ಸುತ್ತಲಿನ ಚರ್ಚು ಅವನ ಎದುರಾಳಿಯ ಮತಕ್ಕೆ ಸೇರಿತು, ಸಮಾಧಿಯ ಭಾಗ ಮಾತ್ರ ಕುಟುಂಬದ ಹಕ್ಕಿನಲ್ಲಿ ಕ್ಯಾಥೊಲಿಕ್ ಆಗಿಯೇ ಉಳಿಯಿತು. ಎರಡರ ನಡುವೆ ಗೋಡೆಯಿಲ್ಲ. ಲೂಥರನ್ ಭಕ್ತರು ಕುಳಿತುಕೊಳ್ಳುವ ಬೆಂಚುಗಳಿಂದ ತಿರುಗಿ ನೋಡಿದರೆ ಪಾಪವಿಮೋಚನಾ ಪತ್ರಗಳ ಹಿಂದಿನ ಸಾಲ ಕೊಟ್ಟವನ ಸಮಾಧಿ ಕಣ್ಣೆದುರಿಗೇ ಇರುತ್ತದೆ.

ಇಷ್ಟು ಹಣ ಎಲ್ಲಿಂದ ಬಂದಿತ್ತು? ಉತ್ತರದ ಬಹುಪಾಲು ನೆಲದಡಿಯಲ್ಲಿತ್ತು. ಟಿರೋಲ್‌ನ ಶ್ವಾಟ್ಸ್ ಗಣಿಗಳ ಬೆಳ್ಳಿ, ಹಂಗೆರಿ ರಾಜ್ಯದ ಗಣಿಗಳ ತಾಮ್ರ, ಈ ಎರಡನ್ನೂ ಫುಗ್ಗರ್ ದೊರೆಗಳಿಗೆ ಕೊಟ್ಟ ಸಾಲಕ್ಕೆ ಪ್ರತಿಯಾಗಿ ಕೈವಶ ಮಾಡಿಕೊಂಡಿದ್ದ. 1498ರಲ್ಲಿ ಕಲ್ಲಿಕೋಟೆಯ ದೊರೆ ಸಾಮೂದಿರಿಯ ಜನರು ವಾಸ್ಕೋ ಡ ಗಾಮಾ ತಂದ ಬಟ್ಟೆ, ಟೊಪ್ಪಿಗೆ, ಸಕ್ಕರೆಗಳನ್ನು ನೋಡಿ ನಕ್ಕದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಕಡಲತೀರದ ವ್ಯಾಪಾರಿಗಳು ಮೆಣಸಿಗೆ ಬದಲಾಗಿ ಕೇಳುತ್ತಿದ್ದುದು ಚಿನ್ನ, ಬೆಳ್ಳಿ, ತಾಮ್ರ. ಪೋರ್ಚುಗೀಸರಲ್ಲಿ ಹಡಗುಗಳಿದ್ದವು, ಲೋಹ ಇರಲಿಲ್ಲ. ಆಗ್ಸ್‌ಬರ್ಗಿನವರಲ್ಲಿ ಲೋಹವಿತ್ತು, ಸಮುದ್ರ ಇರಲಿಲ್ಲ. ಆಂಟ್‌ವರ್ಪ್ ಮತ್ತು ಲಿಸ್ಬನ್‌ನಲ್ಲಿ ಈ ಎರಡು ಕೊರತೆಗಳು ಸಂಧಿಸಿದವು.

ಇದಕ್ಕೆ ಪುರಾವೆ ಇತ್ತೀಚೆಗೆ ದೊರೆತಿದೆ. 2008ರಲ್ಲಿ ನಮೀಬಿಯಾದ ಒರಾಂಜೆಮುಂಡ್ ಬಳಿ ವಜ್ರದ ಗಣಿಯ ಕೆಲಸಗಾರರಿಗೆ ಮರಳಿನಡಿಯಲ್ಲಿ ಹಳೆಯ ಹಡಗೊಂದರ ಅವಶೇಷ ಸಿಕ್ಕಿತು. 1533ರಲ್ಲಿ ಭಾರತಕ್ಕೆಂದು ಲಿಸ್ಬನ್ ಬಿಟ್ಟು ಕಣ್ಮರೆಯಾದ ಬೊಂ ಜೇಸುಸ್ ಎಂಬ ಪೋರ್ಚುಗೀಸ್ ಹಡಗು ಅದೆಂದು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಚಿನ್ನದ ನಾಣ್ಯ, ಆನೆಯ ದಂತಗಳ ಜೊತೆ ಸುಮಾರು 1,800 ತಾಮ್ರದ ಗಟ್ಟಿಗಳು ಅದರಲ್ಲಿದ್ದವು. ಅವುಗಳ ಮೇಲೆ ಒತ್ತಿದ್ದ ತ್ರಿಶೂಲದ ಮುದ್ರೆ ಫುಗ್ಗರ್ ಕಂಪನಿಯದು. ದಡ ಮುಟ್ಟಿದ ಹಡಗುಗಳ ತಾಮ್ರ ನಮ್ಮ ಕರಾವಳಿಯ ಕಂಚುಗಾರರ ಕುಲುಮೆಗಳಲ್ಲಿ ಕರಗಿ ಹಂಡೆ, ತಂಬಿಗೆ, ದೀಪಗಳಾಗಿರಬಹುದು ಎಂದು ನಾನು ಊಹಿಸುತ್ತೇನೆ.

ಕ್ಯಾಥೆಡ್ರಲ್ ಕಡೆಗೆ ನಡೆದರೆ ಹಳೆಯ ಮನೆಯೊಂದರಲ್ಲಿ ಫುಗ್ಗರ್ ಮತ್ತು ವೆಲ್ಸರ್ ಮನೆತನಗಳ ವಸ್ತುಸಂಗ್ರಹಾಲಯವಿದೆ, 2014ರಲ್ಲಿ ತೆರೆದದ್ದು. ವೆಲ್ಸರರು ಇದೇ ಊರಿನ ಇನ್ನೊಂದು ವ್ಯಾಪಾರಿ ಮನೆತನ. ಸಾಹಸದಲ್ಲಿ ಫುಗ್ಗರರಿಗಿಂತ ಒಂದು ಹೆಜ್ಜೆ ಮುಂದು. 1505ರ ಮಾರ್ಚ್‌ನಲ್ಲಿ ಫ್ರಾನ್ಸಿಸ್ಕೊ ಡ ಅಲ್ಮೇಡ ಭಾರತಕ್ಕೆ ಪೋರ್ಚುಗಲ್ಲಿನ ಮೊದಲ ವೈಸರಾಯ್ ಆಗಿ ಲಿಸ್ಬನ್‌ನಿಂದ ಹೊರಟಾಗ, ಅವನ ನೌಕಾಪಡೆಯ ಮೂರು ಹಡಗುಗಳಿಗೆ ಬಂಡವಾಳ ಹೂಡಿದವರು ಜರ್ಮನ್ ಮತ್ತು ಇಟಾಲಿಯನ್ ವ್ಯಾಪಾರಿಗಳು. ಒಟ್ಟು 65,400 ಕ್ರುಜಾಡೊಗಳಲ್ಲಿ (ಪೋರ್ಚುಗೀಸರ ಚಿನ್ನದ ನಾಣ್ಯ) ವೆಲ್ಸರರ ಪಾಲು 20,000, ಫುಗ್ಗರರದು 4,000. ವೆಲ್ಸರರ ಕಡೆಯಿಂದ ಹಡಗು ಹತ್ತಿದ ಬಾಲ್ತಸರ್ ಸ್ಪ್ರೆಂಗರ್ ಎಂಬಾತ ಹಿಂದಿರುಗಿದ ಮೇಲೆ ಯಾತ್ರೆಯ ವೃತ್ತಾಂತವನ್ನು ಅಚ್ಚು ಹಾಕಿಸಿದ. ಅವನ ಯಾತ್ರೆಯ ವಿವರಗಳನ್ನು ಆಧರಿಸಿ ಆಗ್ಸ್‌ಬರ್ಗಿನ ಕಲಾವಿದ ಹಾನ್ಸ್ ಬುರ್ಗ್‌ಕ್ಮೈರ್ 1508ರಲ್ಲಿ ಮರದಚ್ಚಿನ ಚಿತ್ರಗಳನ್ನು ಕೊರೆದ. ಆ ಸಾಲಿನಲ್ಲಿ ಆಫ್ರಿಕದ ಜನರಿದ್ದಾರೆ, ಅರಬರಿದ್ದಾರೆ, ಆಳುಗಳ ಹೆಗಲ ಮೇಲೆ ಮೆರವಣಿಗೆಯಲ್ಲಿ ಸಾಗುವ ಕೊಚ್ಚಿಯ ಅರಸನಿದ್ದಾನೆ. ಭಾರತವನ್ನು ಕಾಣದ ಒಬ್ಬ ಕಲಾವಿದ, ಕಂಡುಬಂದವನ ಮಾತಿನ ಮೇಲೆ ಅಷ್ಟು ಘನತೆಯಿಂದ ಆ ಮುಖಗಳನ್ನು ಕೊರೆದದ್ದು ನನಗೆ ಬಹಳ ಇಷ್ಟವಾಯಿತು.

ಚಿತ್ರದಲ್ಲಿರುವ ಘನತೆ ಯಾತ್ರೆಯಲ್ಲಿ ಇರಲಿಲ್ಲ. ಅಲ್ಮೇಡನ ಪಡೆ ದಾರಿಯಲ್ಲಿ ಪೂರ್ವ ಆಫ್ರಿಕದ ಕಿಲ್ವಾ ಮತ್ತು ಮೊಂಬಾಸಾ ನಗರಗಳನ್ನು ಲೂಟಿ ಮಾಡಿತು. ಸೆಪ್ಟೆಂಬರಿನಲ್ಲಿ ಕಾರವಾರದ ಸಮೀಪದ ಅಂಜದೀವ ದ್ವೀಪ ಮುಟ್ಟಿ ಅಲ್ಲಿ ಕೋಟೆ ಕಟ್ಟಲು ತೊಡಗಿತು. ಅಕ್ಟೋಬರಿನಲ್ಲಿ ಹೊನ್ನಾವರದ ಮೇಲೆ ಬಿದ್ದು ಶರಾವತಿಯ ಬಾಯಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿಯಿಟ್ಟಿತು. ನಮ್ಮ ಊರುಗಳ ಚರಿತ್ರೆಯಲ್ಲಿ ಇದನ್ನು ಪೋರ್ಚುಗೀಸರ ದಾಳಿ ಎಂದೇ ಬರೆಯುತ್ತೇವೆ, ಅದು ಸರಿ. ಆದರೆ ಆ ಪಡೆಯೊಂದಿಗೆ ಮೆಣಸು ತುಂಬಲು ಬಂದ ಹಡಗುಗಳ ಲಾಭದಲ್ಲಿ ಈ ಊರಿನ ಮನೆಗಳಿಗೂ ಪಾಲಿತ್ತು.

ವೆಲ್ಸರರು ಅಲ್ಲಿಗೇ ನಿಲ್ಲಲಿಲ್ಲ. 1519ರಲ್ಲಿ ಐದನೆಯ ಚಾರ್ಲ್ಸ್ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾಗಿ ಆಯ್ಕೆಯಾಗಲು ಮತದಾರ ದೊರೆಗಳಿಗೆ ಹಂಚಿದ ಹಣ ಸುಮಾರು 8,50,000 ಗುಲ್ಡನ್ (ಅಂದಿನ ಜರ್ಮನ್ ಚಿನ್ನದ ನಾಣ್ಯ). ಅದರಲ್ಲಿ 5,43,000ಕ್ಕೂ ಹೆಚ್ಚು ಫುಗ್ಗರರದು, ಸುಮಾರು 1,43,000 ವೆಲ್ಸರರದು. ನನ್ನ ನೆರವಿಲ್ಲದೆ ತಮಗೆ ಕಿರೀಟ ದೊರೆಯುತ್ತಿರಲಿಲ್ಲ ಎಂದು ಯಾಕೋಬ್ ಫುಗ್ಗರ್ 1523ರಲ್ಲಿ ಚಕ್ರವರ್ತಿಗೇ ಪತ್ರ ಬರೆದು ಬಾಕಿ ಕೇಳಿದ. ವೆಲ್ಸರರಿಗೆ 1528ರಲ್ಲಿ ವೆನಿಜುವೆಲಾ ಪ್ರಾಂತವನ್ನೇ ಆಳುವ ಹಕ್ಕು ಸಿಕ್ಕಿತು, 4,000 ಆಫ್ರಿಕನ್ ಗುಲಾಮರನ್ನು ಸಾಗಿಸುವ ಪರವಾನಗಿಯೂ ಅವರ ಏಜೆಂಟರ ಕೈಸೇರಿತು. ಅಂಬ್ರೋಸಿಯಸ್ ಎಹಿಂಗರ್, ನಿಕೋಲಸ್ ಫೆಡರ್‌ಮನ್ ಮೊದಲಾದವರು ಚಿನ್ನದ ನಾಡನ್ನು ಹುಡುಕುತ್ತ ಒಳನಾಡಿನ ಹಳ್ಳಿಗಳನ್ನು ಸೂರೆಗೊಂಡರು. 1546ರಲ್ಲಿ ವೆಲ್ಸರ್ ಕುಟುಂಬದ ಮಗನೊಬ್ಬನ ತಲೆಯನ್ನೇ ಸ್ಪೇನಿನ ಅಧಿಕಾರಿಯೊಬ್ಬ ಕತ್ತರಿಸಿದ ಮೇಲೆ ಆ ವಸಾಹತು ಚೇತರಿಸಿಕೊಳ್ಳಲಿಲ್ಲ.

ಯಾಕೋಬ್ ಫುಗ್ಗರ್ ತನ್ನ ಲೆಕ್ಕಿಗ ಮಾಥ್ಯೂಸ್ ಶ್ವಾರ್ಟ್ಸ್ ಜೊತೆ ಕಚೇರಿಯಲ್ಲಿರುವ ಪ್ರಸಿದ್ಧ ಚಿತ್ರವೊಂದಿದೆ. ಮೂಲಪ್ರತಿ ಬ್ರೌನ್‌ಶ್ವೈಗ್ ನಗರದಲ್ಲಿದೆ. ಹಿಂದಿನ ಕಪಾಟಿನ ಖಾನೆಗಳ ಮೇಲೆ ಊರುಗಳ ಹೆಸರುಗಳಿವೆ: ರೋಮ್, ವೆನಿಸ್, ಕ್ರಾಕೊ, ಆಂಟ್‌ವರ್ಪ್, ಲಿಸ್ಬನ್ ಇತ್ಯಾದಿ. ಪಾಪವಿಮೋಚನೆಯ ಹಣದ ಕಾಗದ ರೋಮಿನ ಖಾನೆಗೆ ಸೇರಬೇಕು, ಮೆಣಸಿನದು ಲಿಸ್ಬನ್ನಿನ ಖಾನೆಗೆ. ಮತಸುಧಾರಣೆ ಮತ್ತು ಸಮುದ್ರಯಾನಗಳನ್ನು ಬೇರೆಬೇರೆ ಪಾಠಗಳಾಗಿ ಓದಿದ ನಮಗೆ ಈ ಒಂದು ಕಪಾಟು ಕಲಿಸುವಷ್ಟನ್ನು ಬೇರಾವುದೂ ಕಲಿಸಲಾರದು.

ಮಧ್ಯಾಹ್ನ ಫುಗ್ಗರೈ ವಸತಿಗೆ ಹೋದೆ. ಊರಿನ ಬಡವರಿಗಾಗಿ ಯಾಕೋಬ್ 1521ರಲ್ಲಿ ದತ್ತಿಪತ್ರ ಬರೆದು ಕೊಟ್ಟ ಬಡಾವಣೆಯಿದು; ಇಂದಿಗೂ 67 ಮನೆಗಳಲ್ಲಿ ಸುಮಾರು 150 ಮಂದಿ ವಾಸವಾಗಿದ್ದಾರೆ. ಹಳದಿ ಗೋಡೆಗಳ, ಹಸಿರು ಕಿಟಕಿಬಾಗಿಲುಗಳ, ಬಳ್ಳಿ ಹಬ್ಬಿದ ಆ ಮನೆಗಳು ನಮ್ಮ ಹಳೆಯ ಅಗ್ರಹಾರದ ಮನೆಗಳಂತೆ ಒಂದಕ್ಕೊಂದು ತಾಗಿ ಸಾಲಾಗಿ ನಿಂತಿವೆ. ಮೇಲಂತಸ್ತಿಗೂ ಕೆಳ ಅಂತಸ್ತಿಗೂ ಬೀದಿಗೆ ತೆರೆಯುವ ಪ್ರತ್ಯೇಕ ಬಾಗಿಲು. ಪ್ರತಿ ಬಾಗಿಲ ಬಳಿ ಗಂಟೆ ಎಳೆಯುವ ಕಬ್ಬಿಣದ ಹಿಡಿಯೊಂದು, ಒಂದರ ಆಕಾರ ಇನ್ನೊಂದಕ್ಕಿಲ್ಲ. ಬೀದಿದೀಪಗಳಿಲ್ಲದ ಕಾಲದಲ್ಲಿ ಕತ್ತಲಲ್ಲಿ ಬಂದವರು ತಡವಿ ನೋಡಿ ತಮ್ಮ ಮನೆ ಗುರುತಿಸಲೆಂದು ಹೀಗೆ ಮಾಡಿದ್ದು ಎನ್ನುತ್ತಾರೆ. ರಾತ್ರಿ ಹತ್ತಕ್ಕೆ ಹೆಬ್ಬಾಗಿಲು ಮುಚ್ಚುತ್ತದೆ, ತಡವಾಗಿ ಬಂದವರು ಕಾವಲುಗಾರನಿಗೆ ಚಿಲ್ಲರೆ ಕಾಸು ಕೊಡಬೇಕು. ವರ್ಷದ ಬಾಡಿಗೆ ಅಂದಿನ ಒಂದು ಗುಲ್ಡನ್, ಇಂದಿನ ಲೆಕ್ಕದಲ್ಲಿ 88 ಸೆಂಟ್.

ಬಾಡಿಗೆಯ ಜೊತೆ ಇನ್ನೊಂದು ಷರತ್ತಿದೆ. ವಾಸಿಸುವವರು ಕ್ಯಾಥೊಲಿಕರಾಗಿರಬೇಕು, ದಿನಕ್ಕೆ ಮೂರು ಸಲ ಸ್ಥಾಪಕನ ಆತ್ಮಕ್ಕಾಗಿ ಪ್ರಾರ್ಥಿಸಬೇಕು. ಲೂಥರ್ ವರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಮುಂದೆ ವಿಚಾರಣೆಗೆ ನಿಂತದ್ದೂ ಅದೇ 1521ರಲ್ಲಿ. ಸತ್ತವನ ಆತ್ಮಕ್ಕೆ ಬದುಕಿರುವವರ ಪ್ರಾರ್ಥನೆ, ದಾನಗಳಿಂದ ಒಳಿತಾಗುತ್ತದೆಂಬ ಯಾವ ನಂಬಿಕೆಯ ಮೇಲೆ ಪಾಪವಿಮೋಚನಾ ಪತ್ರಗಳು ಮಾರಾಟವಾದವೋ, ಈ ಬಡಾವಣೆಯೂ ಅದೇ ನಂಬಿಕೆಯ ಮೇಲೆ ನಿಂತಿದೆ. ಇದನ್ನು ಅರಿತ ಮೇಲೂ ಫುಗ್ಗರೈ ಬಗ್ಗೆ ನನ್ನ ಗೌರವ ಕಡಿಮೆಯಾಗಲಿಲ್ಲ. ಐದು ಶತಮಾನಗಳ ಕಾಲ ಬಡವರ ತಲೆಯ ಮೇಲೆ ಸೂರಿಟ್ಟ ದಾನ ದೊಡ್ಡದು. ಆ ದಾನಕ್ಕೆ ಸೇರಿದ ಹಣದ ಹಿಂದೆ ಗಣಿಯ ಕೂಲಿಗಳೂ ಸುಟ್ಟ ಬಂದರುಗಳೂ ಇದ್ದವೆಂಬುದನ್ನು ಅಲ್ಲಿಯ ಫಲಕಗಳಲ್ಲಿ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು ಎಂಬುದಷ್ಟೇ ನನ್ನ ಆಸೆ.

ಕೊನೆಯದಾಗಿ ನೋಡಿದ್ದು ಮಾಕ್ಸಿಮಿಲಿಯನ್‌ಸ್ಟ್ರಾಸೆಯ ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಎರಡು ಚರ್ಚುಗಳನ್ನು. ಹಿಂದಿನ ಎತ್ತರದ ಬೆಸಿಲಿಕಾ ಕ್ಯಾಥೊಲಿಕರದು, ಮುಂದಿನ ಸಣ್ಣದು ಲೂಥರನ್ನರದು, ಎರಡಕ್ಕೂ ಹೆಸರು ಸಂತ ಉಲ್ರಿಕ್‌ನದೇ. 1530ರ ಜೂನ್ 25ರಂದು ಲೂಥರನ್ನರ ಧರ್ಮಘೋಷಣೆಯನ್ನು ಚಕ್ರವರ್ತಿಯ ಮುಂದೆ ಓದಿದ್ದು ಇದೇ ಊರಿನ ಬಿಷಪ್‌ನ ಅರಮನೆಯಲ್ಲಿ. 1555ರ ಸೆಪ್ಟೆಂಬರಿನಲ್ಲಿ ದೊರೆಯ ಮತವೇ ನಾಡಿನ ಮತ ಎಂಬ ಒಪ್ಪಂದವಾದದ್ದೂ ಇಲ್ಲಿಯೇ. ಆಗ್ಸ್‌ಬರ್ಗ್‌ನಂತಹ ನಗರಗಳಲ್ಲಿ ಮಾತ್ರ ಎರಡೂ ಪಂಗಡಗಳು ಒಟ್ಟಿಗೆ ಬಾಳಬಹುದೆಂದು ಆ ಒಪ್ಪಂದ ಹೇಳಿತು. ಮುಂದೆ ಮೂವತ್ತು ವರ್ಷಗಳ ಯುದ್ಧದಲ್ಲಿ ಆ ಬಾಳ್ವೆ ಕೆಟ್ಟು, 1629ರ ಆಗಸ್ಟ್ 8ರಂದು ಇಲ್ಲಿಯ ಲೂಥರನ್ನರ ಪೂಜೆಯೇ ನಿಷೇಧವಾಯಿತು. ಹಕ್ಕು ಮರಳಿದ ನೆನಪಿಗೆ 1650ರಿಂದ ಅದೇ ದಿನ ಶಾಂತಿಯ ಹಬ್ಬ ನಡೆಯುತ್ತದೆ; ಇಡೀ ಜರ್ಮನಿಯಲ್ಲಿ ಈ ಊರಿಗೆ ಮಾತ್ರ ಅಂದು ರಜೆ.

ಈ ಬಗೆಯ ಒಪ್ಪಂದ ಹಡಗು ಹತ್ತಿ ನಮ್ಮ ಕಡೆಗೆ ಬರಲಿಲ್ಲ. ಆಗ್ಸ್‌ಬರ್ಗಿನ ಒಪ್ಪಂದವಾದ ಐದು ವರ್ಷಗಳಿಗೆ, 1560ರಲ್ಲಿ, ಗೋವೆಯಲ್ಲಿ ಮತಭ್ರಷ್ಟರೆಂದು ಶಂಕಿಸಿದವರನ್ನು ವಿಚಾರಿಸಿ ದಂಡಿಸುವ ಇನ್‌ಕ್ವಿಸಿಷನ್ ನ್ಯಾಯಾಲಯ ತೆರೆಯಿತು. ನಡುವೆ ಕೆಲವು ವರ್ಷ ನಿಂತದ್ದನ್ನು ಬಿಟ್ಟರೆ 1812ರವರೆಗೂ ಅದು ನಡೆಯಿತು. ದೇವಸ್ಥಾನಗಳನ್ನು ಕಳೆದುಕೊಂಡ ಹಿಂದೂಗಳು ದೇವರ ಮೂರ್ತಿಗಳೊಂದಿಗೆ, ಮತಾಂತರವಾದ ಮೇಲೂ ಹಳೆಯ ಆಚಾರಗಳನ್ನು ಬಿಡಲಾಗದ ಕ್ರೈಸ್ತರು ತಮ್ಮ ಮನೆಮಾತಿನೊಂದಿಗೆ, ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರುಗಳ ಕಡೆಗೆ ನಡೆದುಬಂದರು. ಕರಾವಳಿಯಲ್ಲಿ ಕೊಂಕಣಿ ಮಾತಾಡುವ ಅನೇಕ ಮನೆಗಳ ಹಿರಿಯರು ಆ ದಾರಿಯಲ್ಲಿ ಬಂದವರು.