ಔಷಧಿ ಅಂದ ಮಾತ್ರಕ್ಕೆ ಗಾಂಜಾ ಸೇಫಾ?

ಅಮೆರಿಕದಲ್ಲಿ ವೈದ್ಯಕೀಯ ಗಾಂಜಾಕ್ಕೆ ಮೊದಲು ದಾರಿ ಮಾಡಿದ್ದು ಕ್ಯಾಲಿಫೋರ್ನಿಯಾ, 1996ರಲ್ಲಿ. ಕ್ಯಾನ್ಸರ್, ಏಡ್ಸ್‌ನಿಂದ ನರಳುವವರಿಗೆ ಅದು ಆಸರೆಯಾಯಿತು, ಅದನ್ನು ಅಲ್ಲಗಳೆಯಲಾರೆ. ನನ್ನ ಚಿಂತೆ 18 ದಾಟಿದ ಹುಡುಗ ಹುಡುಗಿಯರದು. ಕಾನೂನಿನ ಲೆಕ್ಕದಲ್ಲಿ ಅವರು ದೊಡ್ಡವರು, ಆದರೆ ಮೆದುಳು ಸುಮಾರು 25ರವರೆಗೂ ಬೆಳೆಯುತ್ತಲೇ ಇರುತ್ತದೆ, ಅದರಲ್ಲೂ ಯೋಚಿಸಿ ನಿರ್ಧಾರ ಮಾಡುವ ಮುಂಭಾಗ ಬಲಿಯುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿ ಡಾಕ್ಟರು ಮಾಮೂಲಿ ಔಷಧಿಯಂತೆ ಚೀಟಿ ಬರೆಯುವುದಿಲ್ಲ, ಶಿಫಾರಸು ಮಾತ್ರ ಮಾಡುತ್ತಾರೆ, ಯಾಕಂದ್ರೆ ಕೇಂದ್ರದ ಕಾನೂನು ಅಡ್ಡ ಬರುತ್ತದೆ. ಹಾಗಾಗಿ ಎಷ್ಟು, ಎಷ್ಟು ದಿನ, ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) ಎಷ್ಟಿರಬೇಕು ಅನ್ನೋದು ಬಹಳ ಸಲ ಗಾಂಜಾ ಮಾರುವ ಅಂಗಡಿಯಲ್ಲೇ ತೀರ್ಮಾನವಾಗುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಜಾಸ್ತಿ ಟಿಎಚ್‌ಸಿ ಇರುವುದನ್ನು ದಿನಾ ಸೇದಿದರೆ ಚಟ ಹತ್ತುವ, ಸೈಕೋಸಿಸ್ (ಯಾವುದು ನಿಜ, ಯಾವುದು ಭ್ರಮೆ ಅನ್ನೋ ಅರಿವೇ ತಪ್ಪುವ ಮಾನಸಿಕ ಸ್ಥಿತಿ) ಬರುವ ಅಪಾಯ ಹೆಚ್ಚು. ವೈದ್ಯಕೀಯ ಗಾಂಜಾ ಕೊಳ್ಳಲು ಕಾರ್ಡ್ ಕೊಡುವಾಗಲೇ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು, ಅಲ್ವಾ?