ಎಳೆಯ ರಕ್ತಕಣಗಳನ್ನೇ ಅರಸುವ ವೈವಾಕ್ಸ್

ಮಲೇರಿಯಾದ ರಕ್ತಪರೀಕ್ಷೆಯ ವರದಿಯಲ್ಲಿ ‘ವೈವಾಕ್ಸ್’ ಎಂದಿದ್ದರೆ, ಸದ್ಯ ಹೆಚ್ಚು ಮಾರಕವಾದ ಫಾಲ್ಸಿಪಾರಂ ಪರಾವಲಂಬಿ ಅಲ್ಲವಲ್ಲ ಎಂದು ನಿಟ್ಟುಸಿರುಬಿಡುವವರನ್ನು ಮಂಗಳೂರಿನಲ್ಲಿ ನಾನು ಬಹಳ ಕಂಡಿದ್ದೇನೆ. ಆ ಸಮಾಧಾನಕ್ಕೆ ಆಧಾರವಿಲ್ಲದಿಲ್ಲ. ವೈವಾಕ್ಸ್ ಸೋಂಕಿನಲ್ಲಿ ರಕ್ತದಲ್ಲಿ ಕಾಣಸಿಗುವ ಪರಾವಲಂಬಿಗಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆ. ಆದರೆ ಅದು ಏಕೆ ಕಡಿಮೆ ಎಂಬುದನ್ನು ತಿಳಿದ ಮೇಲೆ ಆ ಸಂಖ್ಯೆಯೊಂದನ್ನೇ ನಂಬುವುದು ನನಗೆ ಸರಿಯೆನಿಸುವುದಿಲ್ಲ.

ಫಾಲ್ಸಿಪಾರಂ ಯಾವ ವಯಸ್ಸಿನ ಕೆಂಪು ರಕ್ತಕಣವನ್ನಾದರೂ ಹೊಗಬಲ್ಲದು. ವೈವಾಕ್ಸ್ ಹೊಗುವುದು ಬಹುತೇಕ ರೆಟಿಕ್ಯುಲೊಸೈಟ್‌ಗಳನ್ನು ಮಾತ್ರ; ಎಂದರೆ ಅಸ್ಥಿಮಜ್ಜೆಯಲ್ಲಿ ತನ್ನ ಕೋಶಕೇಂದ್ರವನ್ನು ಹೊರದೂಡಿದ, ಆದರೆ ಇನ್ನೂ ಪೂರ್ತಿ ಬಲಿಯದ ಎಳೆಯ ಕಣಗಳನ್ನು. ಆರೋಗ್ಯವಂತರ ರಕ್ತದಲ್ಲಿ ಇಂಥವು ನೂರಕ್ಕೆ ಒಂದೆರಡು ಇದ್ದಾವು. ರಕ್ತಕ್ಕೆ ಬಂದ ಒಂದೆರಡು ದಿನಗಳಲ್ಲೇ ಬಲಿತುಬಿಡುತ್ತವೆ.

ಈ ಆಯ್ಕೆಯ ಗುಟ್ಟು ಕಬ್ಬಿಣದಲ್ಲಿದೆ. ಹಿಮೋಗ್ಲೋಬಿನ್ ತಯಾರಿಸುತ್ತಿರುವ ಎಳೆಯ ಕಣಕ್ಕೆ ಕಬ್ಬಿಣ ಹೇರಳವಾಗಿ ಬೇಕಾಗುವುದರಿಂದ, ಅದನ್ನು ಒಳಗೆ ಸೆಳೆದುಕೊಳ್ಳುವ ಟ್ರಾನ್ಸ್‌ಫೆರಿನ್ ಗ್ರಾಹಿಗಳು ಅದರ ಮೇಲ್ಮೈಯಲ್ಲಿ ದಟ್ಟವಾಗಿರುತ್ತವೆ, ಕಣ ಬಲಿತಂತೆ ಉದುರಿಹೋಗುತ್ತವೆ. ವೈವಾಕ್ಸ್‌ನ ಒಂದು ಪ್ರೋಟೀನು ಇದೇ ಗ್ರಾಹಿಯನ್ನು ಹಿಡಿದುಕೊಳ್ಳುತ್ತದೆ ಎಂಬುದು 2018ರಲ್ಲಿ ಪ್ರಕಟವಾಯಿತು. ದೇಹವು ತನ್ನ ಪೋಷಣೆಗೆಂದು ತೆರೆದಿಟ್ಟ ಬಾಗಿಲೇ ಪರಾವಲಂಬಿಗೆ ಗುರುತಾಗಿದೆ. ಇದರ ಜೊತೆಗೆ ಕಣದ ಮೇಲ್ಮೈಯಲ್ಲಿ ಡಫಿ ಎಂಬ ಮತ್ತೊಂದು ಪ್ರೋಟೀನೂ ಸಾಮಾನ್ಯವಾಗಿ ಬೇಕು. ಪಶ್ಚಿಮ ಆಫ್ರಿಕಾದ ಬಹುಪಾಲು ಜನರ ಕೆಂಪುಕಣಗಳ ಮೇಲೆ ಅದಿಲ್ಲದಿರುವುದರಿಂದ ಅಲ್ಲಿ ವೈವಾಕ್ಸ್ ಬಹಳ ವಿರಳ.

ಗ್ರಾಹಿಗಳು ಅತಿ ದಟ್ಟವಾಗಿರುವ ಕಣಗಳು ಹೆಚ್ಚಾಗಿ ಇರುವುದು ರಕ್ತನಾಳಗಳಲ್ಲಿ ಅಲ್ಲ, ಅಸ್ಥಿಮಜ್ಜೆಯಲ್ಲಿ. ಗುಲ್ಮದಲ್ಲಿಯೂ (ಸ್ಪ್ಲೀನ್) ಅವು ಕೂಡಿಕೊಳ್ಳುತ್ತವೆ. ಇಂಡೋನೇಷ್ಯಾದ ಪಾಪುವಾದಲ್ಲಿ, ಗಾಯ ಮೊದಲಾದ ಕಾರಣಗಳಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗುಲ್ಮಗಳನ್ನು ಪರೀಕ್ಷಿಸಿದ ಸಂಶೋಧಕರು, ರೋಗಲಕ್ಷಣಗಳೇ ಇಲ್ಲದವರ ಒಟ್ಟು ವೈವಾಕ್ಸ್ ಪರಾವಲಂಬಿಗಳಲ್ಲಿ ಶೇ. 98ಕ್ಕೂ ಹೆಚ್ಚು ಪಾಲು ಗುಲ್ಮದಲ್ಲಿಯೇ ಇತ್ತೆಂದು 2021ರಲ್ಲಿ ವರದಿ ಮಾಡಿದರು. ಬೆರಳ ತುದಿಯಿಂದ ತೆಗೆದ ಹನಿ ರಕ್ತ ಇದನ್ನು ಹೇಗೆ ತೋರಿಸೀತು? ವೈವಾಕ್ಸ್ ಜ್ವರದಲ್ಲಿ ಸೋಂಕಿಲ್ಲದ ಕಣಗಳೂ ದೊಡ್ಡ ಸಂಖ್ಯೆಯಲ್ಲಿ ನಾಶವಾಗುವುದರಿಂದ, ಪರಾವಲಂಬಿಗಳು ಕೆಲವೇ ಕಂಡರೂ ರಕ್ತಹೀನತೆ ತೀವ್ರವಾಗಬಹುದು; ಜ್ವರ ಪದೇ ಪದೇ ಮರುಕಳಿಸುವ ಮಕ್ಕಳಲ್ಲಂತೂ ಇದನ್ನು ಲಘುವಾಗಿ ಕಾಣಲಾಗದು.

ಫಾಲ್ಸಿಪಾರಂಗೂ ಮಜ್ಜೆಯ ನಂಟು ಇಲ್ಲದಿಲ್ಲ. ಸೊಳ್ಳೆಗೆ ದಾಟಬೇಕಾದ ಅದರ ಲೈಂಗಿಕ ರೂಪಗಳು ಸುಮಾರು ಹತ್ತು ದಿನ ಅಲ್ಲಿಯೇ, ಬೆಳೆಯುತ್ತಿರುವ ಕೆಂಪುಕಣಗಳ ನಡುವೆ ಅಡಗಿ ಬಲಿಯುತ್ತವೆ.

ಫಾಲ್ಸಿಪಾರಂ ಅನ್ನು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸುವ ವಿಧಾನ 1976ರಲ್ಲೇ ಸಿದ್ಧಿಸಿತು. ವೈವಾಕ್ಸ್‌ಗೆ ಮಾತ್ರ ದಿನದಿನವೂ ಹೊಸ ಎಳೆಯ ಕಣಗಳನ್ನು ಒದಗಿಸುವುದು ಕಷ್ಟವಾದುದರಿಂದ, ಅದರ ಸಂಶೋಧನೆ ಇಂದಿಗೂ ರೋಗಿಗಳಿಂದ ಆಗಷ್ಟೇ ಪಡೆದ ರಕ್ತವನ್ನು ಬಹುಮಟ್ಟಿಗೆ ಅವಲಂಬಿಸಿದೆ.