ಬ್ಯಾಂಕಿನ ಕೆಲಸ ಬಿಡಲು ಮನಸ್ಸು ಸಿದ್ಧವಾಗಿದೆಯೇ?

ಸರ್ಕಾರಿ ಬ್ಯಾಂಕಿನ ಅಧಿಕಾರಿಯೊಬ್ಬರು ಕೆಲಸ ಬಿಡುವ ಮಾತೆತ್ತಿದರೆ ಮೊದಲು ಎದುರಾಗುವುದು ಲೆಕ್ಕದ ಪ್ರಶ್ನೆ. 1995ರ ಪಿಂಚಣಿ ನಿಯಮಗಳ ಪ್ರಕಾರ 20 ವರ್ಷಗಳ ಅರ್ಹ ಸೇವೆ ಪೂರೈಸಿದವರು ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ದೊರೆಯುತ್ತದೆ. ಅದೇ ವ್ಯಕ್ತಿ ರಾಜೀನಾಮೆ ಎಂದು ಬರೆದುಕೊಟ್ಟರೆ ಅದುವರೆಗಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಬಿಟ್ಟುಹೋಗುತ್ತದೆ. 2010ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ) ಒಳಪಡುವುದರಿಂದ ಅವರ ಲೆಕ್ಕವೇ ಬೇರೆ. ನಾನು ಅದಕ್ಕೂ ಮೊದಲು ಸೇರಿದವಳು. ಬೇಕಾದಷ್ಟು ಸೇವೆ ತುಂಬಿದೆ, ಮನೆಸಾಲವೂ ತೀರಿದೆ. ಹಣದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕ ಮೇಲೂ ಪತ್ರ ಬರೆಯಲು ಕೈ ಏಳಲಿಲ್ಲ. ಆಗ ಉಳಿದದ್ದು ಮನಸ್ಸಿನ ಪ್ರಶ್ನೆಯೊಂದೇ, ಮತ್ತು ಅದಕ್ಕೆ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ.

ನಮ್ಮ ಕರಾವಳಿಯ ಮನೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಭಾರವಾಗುವುದಕ್ಕೆ ಕಾರಣವಿದೆ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ, ಹೀಗೆ ಒಂದರ ಹಿಂದೆ ಒಂದು ಮಂಗಳೂರು ಮತ್ತು ಉಡುಪಿಗಳಲ್ಲಿ ಹುಟ್ಟಿಕೊಂಡವು. ಎಷ್ಟೋ ಕುಟುಂಬಗಳು ಗೇಣಿಯ ಗದ್ದೆಯಿಂದ ಪಕ್ಕಾ ಮನೆಗೆ ಬಂದದ್ದು ಬ್ಯಾಂಕಿನ ಸಂಬಳದಿಂದಲೇ. ಮದುವೆ ಮನೆಯಲ್ಲಿ ನನ್ನನ್ನು ಪರಿಚಯಿಸುವಾಗ ಹೆಸರಿಗಿಂತ ಮೊದಲು ‘ಬ್ಯಾಂಕಿನಲ್ಲಿ ಮ್ಯಾನೇಜರ್’ ಎಂಬ ಮಾತು ಬರುತ್ತದೆ. ನನ್ನ ಯೋಚನೆಯನ್ನು ತಿಳಿಸಿದಾಗ ಅಮ್ಮ ಪಿಂಚಣಿಯ ವಿಷಯ ಎತ್ತಲೇ ಇಲ್ಲ. “ನಾಲ್ಕು ಜನ ಕೇಳಿದರೆ ಇನ್ನು ಎಂತ ಹೇಳುವುದು ಮಾರಾಯ್ತಿ?” ಎಂದರು. ಅದು ಅಮ್ಮನ ಅಳುಕು ಎಂದು ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ನನ್ನೊಳಗೂ ಅದೇ ಅಳುಕು ಇತ್ತು.

ಬೇಸರಕ್ಕೇನೂ ಕೊರತೆಯಿಲ್ಲ. ಸಾಲ ಕೇಳಿ ಬಂದವರಿಗೆ ವಿಮೆ ಮಾರಬೇಕೆಂಬ ಒತ್ತಡ, ರಾತ್ರಿ ಎಂಟರ ಮೇಲೆ ನಡೆಯುವ ವಿಡಿಯೊ ಸಭೆ, ಅಲ್ಲಿ ಗುರಿ ಮುಟ್ಟದ ಶಾಖೆಗಳ ಹೆಸರನ್ನು ಎಲ್ಲರ ಮುಂದೆ ಓದುವ ಪದ್ಧತಿ, ಭಾನುವಾರ ಸಂಜೆಯಿಂದಲೇ ಹೊಟ್ಟೆಯಲ್ಲಿ ಶುರುವಾಗುವ ಸಂಕಟ, ಇವುಗಳನ್ನು ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಂಥ ಸಭೆ ಮುಗಿದ ರಾತ್ರಿ ‘ಇನ್ನು ಸಾಕು’ ಅನ್ನಿಸುವುದನ್ನು ನಾನು ಸಿದ್ಧತೆ ಎಂದು ಒಪ್ಪುವುದಿಲ್ಲ. ಸಿಟ್ಟಿನಲ್ಲಿರುವಾಗ ಕೆಲಸದ ಕೆಟ್ಟ ಭಾಗ ಮಾತ್ರ ಕಣ್ಣೆದುರು ಇರುತ್ತದೆ, ಅದನ್ನು ಬಿಡಲು ಯಾರಿಗೂ ಕಷ್ಟವಿಲ್ಲ. ಕೆಲಸ ಬಿಟ್ಟಾಗ ಅದರ ಒಳ್ಳೆಯ ಭಾಗವೂ ಜೊತೆಯಲ್ಲೇ ಹೋಗುತ್ತದೆ. ಆ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ನನಗಿದೆಯೇ ಎಂಬುದೇ ಕೇಳಿಕೊಳ್ಳಬೇಕಾದ ಪ್ರಶ್ನೆ ಎಂದು ನನಗೆ ನಿಧಾನವಾಗಿ ಮನದಟ್ಟಾಯಿತು.

ನನ್ನ ಮಟ್ಟಿಗೆ ಆ ಒಳ್ಳೆಯ ಭಾಗ ಎಂದರೆ ನವೆಂಬರ್ ತಿಂಗಳು. ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸುವ ಜೀವಿತ ಪ್ರಮಾಣಪತ್ರ ಕೊಡಲು ಬರುವ ಕಾಲ ಅದು. ಜಿಲ್ಲಾ ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತರಾದ ಅಜ್ಜಿಯೊಬ್ಬರು ನಮ್ಮ ಶಾಖೆಗೆ ಬರುತ್ತಾರೆ. ಅವರ ಬೆರಳಿನ ಗೆರೆಗಳು ಸವೆದುಹೋಗಿರುವುದರಿಂದ ಯಂತ್ರ ಅವನ್ನು ಗುರುತಿಸುವುದಿಲ್ಲ. ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು ಒಂದಾದ ಮೇಲೊಂದರಂತೆ ಒತ್ತುತ್ತಾರೆ, ಪ್ರತಿ ಸಲವೂ ಕೆಂಪು ಅಕ್ಷರ ಮೂಡುತ್ತದೆ. ಕೊನೆಗೆ ಮೊಬೈಲಿನಲ್ಲಿ ಮುಖ ಗುರುತಿಸುವ ಆ್ಯಪ್ ತೆರೆದು, “ಅಜ್ಜಿ, ಈಗ ಕಣ್ಣು ಮಿಟುಕಿಸಿ” ಎನ್ನುತ್ತೇನೆ. ಅವರು ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ಹಾಗೆಯೇ ಕುಳಿತುಬಿಡುತ್ತಾರೆ. ಮತ್ತೆ ಹೇಳಿಕೊಡಬೇಕು. ಕೆಲಸವಾದ ಮೇಲೆ ಅವರು ನನ್ನ ಕೈಯನ್ನು ಒಂದು ಕ್ಷಣ ಹಿಡಿದುಕೊಂಡಿರುತ್ತಾರೆ. ಇಷ್ಟು ನೇರವಾಗಿ ಒಬ್ಬರಿಗೆ ಉಪಯೋಗಕ್ಕೆ ಬರುವ ಅವಕಾಶ ಈ ಕುರ್ಚಿಯ ಆಚೆ ನನಗೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯೇ ನನ್ನನ್ನು ಬಹುಕಾಲ ಹಿಡಿದಿಟ್ಟದ್ದು.

ದಣಿವನ್ನೂ ಪ್ರತ್ಯೇಕವಾಗಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಎಂಬುದನ್ನು ಕಾಯಿಲೆ ಎಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಲಾಗಿದೆ. ತೀವ್ರ ಬಳಲಿಕೆ, ಕೆಲಸದ ಬಗ್ಗೆ ದೂರವಾದ ಅಥವಾ ಕಹಿಯಾದ ಮನಸ್ಸು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ, ಈ ಮೂರು ಅದರ ಲಕ್ಷಣಗಳು. ಕೂಡಿಟ್ಟಿದ್ದ ರಜೆಯನ್ನು ಒಟ್ಟಿಗೆ ತೆಗೆದುಕೊಂಡು ಊರಿನಲ್ಲಿದ್ದಾಗ ನಾನು ಗಮನಿಸಿದ್ದು ಇವುಗಳನ್ನೇ. ಬಳಲಿಕೆ ಬೇಗನೆ ಇಳಿಯಿತು, ನಿದ್ದೆ ಬಂತು, ಹಸಿವೂ ಆಯಿತು. ಆದರೆ ಮರಳಿ ಹೋಗಿ ಅದೇ ವಿಮೆಯನ್ನು ಅದೇ ಜನರಿಗೆ ಮಾರಬೇಕೆಂಬುದರ ಬಗೆಗಿನ ಒಲ್ಲೆನೆಂಬ ಭಾವ ಚೂರೂ ಕದಲಲಿಲ್ಲ. ರಜೆಯಿಂದ ಹೋಗುವ ದಣಿವಿಗೆ ರಜೆಯೇ ಮದ್ದು, ಅಷ್ಟಕ್ಕಾಗಿ ನೌಕರಿಯನ್ನೇ ಬಿಡಬೇಕಾಗಿಲ್ಲ. ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು: ಕೆಲಸದಲ್ಲಷ್ಟೇ ಅಲ್ಲ, ಬದುಕಿನಲ್ಲೇ ಆಸಕ್ತಿ ಕುಂದಿದ್ದರೆ ಆ ಹೊತ್ತಿನಲ್ಲಿ ಇಂಥ ನಿರ್ಧಾರ ಬೇಡ. ಮೊದಲು ವೈದ್ಯರನ್ನು ಕಾಣಿ, ಇಲ್ಲವೇ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ನನ್ನ ಚಿಕ್ಕಪ್ಪ 2001ರಲ್ಲಿ, ಸರ್ಕಾರಿ ಬ್ಯಾಂಕುಗಳು ಒಟ್ಟಾಗಿ ವಿಆರ್‌ಎಸ್ (ಸ್ವಯಂ ನಿವೃತ್ತಿ) ಯೋಜನೆ ತಂದಾಗ, ಕೆಲಸ ಬಿಟ್ಟವರು. ದೊಡ್ಡ ಮೊತ್ತ ಕೈಗೆ ಬಂತು, ಜೊತೆಯವರು ಬಿಡುತ್ತಿದ್ದಾರೆಂದು ಇವರೂ ಬಿಟ್ಟರು. ಆಮೇಲೆ ಪಾಸ್‌ಬುಕ್ ನಮೂದಿಸಿಕೊಳ್ಳಲು ಹೋದಲ್ಲಿ ಪಕ್ಕದವರ ಚಲನ್‌ನಲ್ಲಿ ತಪ್ಪು ಕಂಡರೆ ಕೇಳದೆಯೇ ತಿದ್ದಿಕೊಡುತ್ತಿದ್ದರು, ಹೊಸ ಗುಮಾಸ್ತರು ಏನಾದರೂ ಅಂದರೆ ಮನೆಗೆ ಬಂದು ದಿನವಿಡೀ ಮಾತು ಬಿಡುತ್ತಿದ್ದರು. ದುಡ್ಡಿಗೆ ತೊಂದರೆಯಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ತಾನು ಯಾರು ಎಂಬುದಕ್ಕೆ ಅವರ ಬಳಿ ಬೇರೆ ಉತ್ತರವಿರಲಿಲ್ಲ, ಕೆಲಸ ಬಿಡುವ ಮೊದಲು ಆ ಪ್ರಶ್ನೆಯನ್ನು ಯಾರೂ ಅವರನ್ನು ಕೇಳಿರಲೂ ಇಲ್ಲ.

ಅದನ್ನು ನಾನು ನನ್ನನ್ನೇ ಕೇಳಿಕೊಂಡೆ. ಕೆಲಸ ಬಿಟ್ಟ ಮೊದಲ ವಾರವನ್ನು ಕಲ್ಪಿಸಿಕೊಳ್ಳುವುದು ಸುಲಭ, ಅದು ರಜೆಯಂತೆಯೇ ಇರುತ್ತದೆ. ಐದಾರು ತಿಂಗಳ ನಂತರದ ಒಂದು ಸಾಮಾನ್ಯ ಮಂಗಳವಾರ, ಮನೆಯವರೆಲ್ಲ ಅವರವರ ಕೆಲಸಕ್ಕೆ ಹೋದ ಮೇಲೆ, ಫೋನ್ ಒಮ್ಮೆಯೂ ರಿಂಗಾಗದ ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳಬೇಕು. ಮೊದಮೊದಲು ನನಗೆ ಆ ಮಧ್ಯಾಹ್ನದ ಬಗ್ಗೆ ಹೆದರಿಕೆಯೇ ಆಗುತ್ತಿತ್ತು. ಈಗ ಸ್ವಲ್ಪ ಬೇಸರ ಮಾತ್ರ ಆಗುತ್ತದೆ, ಅಷ್ಟು ಬೇಸರವನ್ನು ನಾನು ಸಹಿಸಬಲ್ಲೆ. ಅಜ್ಜಿಯ ಪ್ರಮಾಣಪತ್ರವನ್ನು ಇನ್ನೊಬ್ಬರು ಮಾಡಿಕೊಡುತ್ತಾರೆ ಎಂಬ ಯೋಚನೆಗೂ ಈಗ ದುಃಖವಾಗುತ್ತದೆಯೇ ಹೊರತು ಎದೆ ಬಿಗಿಯುವುದಿಲ್ಲ.

ಮಾರ್ಚ್ 31ರ ವಾರ್ಷಿಕ ಲೆಕ್ಕ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಪತ್ರ ಕೊಡುತ್ತೇನೆ. ನೋಟಿಸ್ ಅವಧಿಯಲ್ಲಿ ಮನಸ್ಸು ಬದಲಾದರೆ ನಿವೃತ್ತಿಯ ದಿನಕ್ಕೆ ಮೊದಲು ಅದನ್ನು ಹಿಂಪಡೆಯಲು ಕೋರಬಹುದು, ಒಪ್ಪುವುದು ಬಿಡುವುದು ಮೇಲಧಿಕಾರಿಗಳಿಗೆ ಬಿಟ್ಟದ್ದು. ಆ ಅವಕಾಶವನ್ನು ನಂಬಿಕೊಂಡು ನಾನು ಬರೆಯುತ್ತಿಲ್ಲ. ಅಮ್ಮನಿಗೂ ಹೇಳಿದ್ದೇನೆ, ಯಾರಾದರೂ ಕೇಳಿದರೆ ‘ಬ್ಯಾಂಕಿನಲ್ಲಿದ್ದಳು, ಈಗ ಬಿಟ್ಟಿದ್ದಾಳೆ’ ಎಂದರೆ ಸಾಕು.